ಬಿಸಿಯಾದರೆ ಹೊರಡದ ಗಾಡಿ

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಎಮ್ಮೆ ಮತ್ತು ಮೋಟಾರು ಒಂದೇ ಸೂರಿನಡಿ ಇರುತ್ತಿದ್ದವು. ಹಿತ್ತಲಿನಲ್ಲಿ ಉದ್ದನೆಯ ದನದ ಮನೆಯೊಂದಿತ್ತು. ಅಜ್ಜ ಇದ್ದ ಕಾಲಕ್ಕೆ ಅದರ ತುಂಬ ದನಗಳಿದ್ದವಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಉಳಿದದ್ದು ಒಂದು ಎಮ್ಮೆ. ಹಾಗಾಗಿ ಅರ್ಧ ಭಾಗದ ನೆಲವನ್ನು ಸಪಾಟು ಮಾಡಿ, ಬಾಗಿಲನ್ನು ಅಗಲ ಮಾಡಿ ಅಲ್ಲಿ ಗಾಡಿ ನಿಲ್ಲಿಸಿದರು. ನಡುವೆ ಗೋಡೆಯಿಲ್ಲ, ಒಂದು ಅಡ್ಡ ಬೊಂಬು ಅಷ್ಟೆ. ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿ ಬೆಳಗಿನ ಲಿಂಗಪೂಜೆ ಮುಗಿಸಿ, ಬೆರಳಿಗೆ ಹತ್ತಿದ ವಿಭೂತಿಯನ್ನು ಮೊದಲು ಎಮ್ಮೆಯ ಹಣೆಗೆ, ಆಮೇಲೆ ಗಾಡಿಯ ಮೂತಿಗೆ ಹಚ್ಚುತ್ತಿದ್ದರು. ಎಮ್ಮೆಗೆ ದಪ್ಪ ಗೆರೆ, ಗಾಡಿಗೆ ತೆಳುವಾದದ್ದು. ಯಾಕೆ ಹೀಗೆ ಎಂದು ನಾನು ಕೇಳಿದರೆ ಆಯಿಯ ಉತ್ತರ ಸಿದ್ಧವಿರುತ್ತಿತ್ತು.

“ಇಕಿ ದಿನಾ ಹಾಲು ಕೊಡ್ತಾಳವ್ವಾ. ಅಕಿ ಮನಸ್ಸು ಬಂದ್ರ ಹೊಂಡ್ತಾಳ.”

ಗಾಡಿ ಹಸಿರು ಬಣ್ಣದ್ದು, ಗುಂಡು ಬೆನ್ನಿನದು, ವಿಲಾಯತಿಯಲ್ಲಿ ತಯಾರಾದದ್ದು. ಹುಬ್ಬಳ್ಳಿಯ ರೈಲ್ವೆ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಅದನ್ನು ಬಿಟ್ಟು ಹೋದರು. ಅಪ್ಪ ಮತ್ತು ಅವರ ತಮ್ಮ ಶಂಕರ ಕಾಕಾ ಇಬ್ಬರೂ ಸೇರಿ ತೆಗೆದುಕೊಂಡರು. ಅಪ್ಪ ಧಾರವಾಡದ ಕೋರ್ಟಿನಲ್ಲಿ ವಕೀಲರು. ಕಾಕಾನದು ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ. ಇಬ್ಬರ ವಯಸ್ಸಿನ ನಡುವೆ ಹೆಚ್ಚಿನ ಅಂತರವಿರಲಿಲ್ಲ. ಒಬ್ಬನೇ ದರ್ಜಿಯ ಕೈಯಲ್ಲಿ ಒಂದೇ ತಾನಿನ ಬಟ್ಟೆಯಿಂದ ಅಂಗಿ ಹೊಲಿಸುತ್ತಿದ್ದರು. ಸಂಜೆ ಪಡಸಾಲೆಯಲ್ಲಿ ಚಹಾ ಬಂದರೆ, ಅಪ್ಪ ಬಸಿತಟ್ಟೆಗೆ ಸುರಿದುಕೊಂಡು ಕುಡಿದು ಮಿಕ್ಕಿದ್ದನ್ನು ಕಪ್ಪಿನ ಸಮೇತ ತಮ್ಮನ ಕಡೆ ತಳ್ಳುತ್ತಿದ್ದರು, ಆತ ಮಾತು ನಿಲ್ಲಿಸದೆ ಕುಡಿಯುತ್ತಿದ್ದ. ಒಂದೇ ಅಡಿಗೆಮನೆ, ಒಂದೇ ಒಲೆ. ಅವ್ವ ರೊಟ್ಟಿ ಬಡಿದರೆ ಕಾಕಾನ ಹೆಂಡತಿ ನೀಲಾ ಕಾಕು ಬೇಯಿಸುತ್ತಿದ್ದಳು. ಅವರಿಬ್ಬರ ಕೈಗಳು ಒಬ್ಬಳದೇ ಎಂಬಂತೆ ನಡೆಯುತ್ತಿದ್ದವು. ಓಣಿಯವರು ಆ ಗಾಡಿಯನ್ನು ‘ವಕೀಲರ ಗಾಡಿ’ ಎಂದಾಗ ಮಾತ್ರ ಕಾಕಾನ ಮುಖ ಕೊಂಚ ಸಣ್ಣದಾಗುತ್ತಿತ್ತು.

ಗಾಡಿ ಬಂದ ಕೆಲವು ತಿಂಗಳಿಗೆ ಅದಕ್ಕೊಂದು ರೋಗ ಹತ್ತಿತು. ಬೆಳಿಗ್ಗೆ, ತಣ್ಣಗಿದ್ದಾಗ, ಕೀಲಿ ತಿರುವಿದರೆ ಸಾಕು, ಬಾನೆಟ್ಟಿನ ಕೆಳಗಿನ ಪೆಟ್ರೋಲ್ ಪಂಪು ಟಕ್, ಟಕ್, ಟಕ್ ಎಂದು ನಿಧಾನವಾಗಿ ಬಡಿದು, ಎಂಜಿನ್ನಿನ ಪೆಟ್ರೋಲ್ ಬಟ್ಟಲು ತುಂಬಿದೊಡನೆ ಸುಮ್ಮನಾಗುತ್ತಿತ್ತು. ಮರುಕ್ಷಣವೇ ಎಂಜಿನ್ ಚಾಲೂ ಆಗುತ್ತಿತ್ತು. ಆದರೆ ಓಡಿ ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿ ಬಂದ್ ಮಾಡಿದರೆ ಮುಗಿಯಿತು. ಐದು ನಿಮಿಷ ಬಿಟ್ಟು ಬಂದು ಏನು ಮಾಡಿದರೂ ಅದು ಹೊರಡುತ್ತಿರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದರೂ ಇಲ್ಲ, ತಳ್ಳಿದರೂ ಇಲ್ಲ. ಒಂದು ತಾಸು ಬಿಟ್ಟರೆ, ಏನೂ ಆಗಿಯೇ ಇಲ್ಲವೆಂಬಂತೆ ಮೊದಲ ತಿರುವಿಗೇ ಚಾಲೂ ಆಗುತ್ತಿತ್ತು.

ಇದರಿಂದ ನಮ್ಮ ಮನೆಯ ಬಾಳಿನ ನಡೆಯೇ ಬದಲಾಯಿತು. ಒಬ್ಬರ ಮನೆಗೆ ಕುಂಕುಮ ಕೊಟ್ಟು ಬರುವುದೆಂದರೆ ಅಪ್ಪ ಹೊರಗೆ ಎಂಜಿನ್ ಆರಿಸದೆ ಕೂರಬೇಕು, ಇಲ್ಲವೆ ಎಲ್ಲರೂ ಅಲ್ಲೇ ಊಟಕ್ಕೆ ಕೂರಬೇಕು. ಸಪ್ತಾಪುರದ ಸೋದರಮಾವನ ಮನೆಗೆ ಬರೀ ಮಾತನಾಡಿಸಿ ಬರಲು ಹೋದರೂ ಅತ್ತೆ ನಮ್ಮ ಗಾಡಿಯ ಸದ್ದು ನಿಂತದ್ದು ಕೇಳಿ ಅಕ್ಕಿ ತೊಳೆಯಲು ಶುರು ಮಾಡುತ್ತಿದ್ದಳು. ಕೋರ್ಟಿನ ಕೆಲಸಕ್ಕೆಂದು ಹಳ್ಳಿಗಳಿಗೆ ಹೋದ ಅಪ್ಪ ಎಲ್ಲೆಲ್ಲೋ ಎಣ್ಣಿಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡು ಬಂದು ಮನೆಯಲ್ಲಿ ಅವ್ವ ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ನಮಗೆ ಮಕ್ಕಳಿಗಂತೂ ಇದು ದಿನಾ ಹಬ್ಬವಾಗಿತ್ತು. ನಾನೂ, ಕಾಕಾನ ಇಬ್ಬರು ಗಂಡುಮಕ್ಕಳೂ ಹಿಂದಿನ ಸೀಟಿನಲ್ಲಿ ಕೂತು, ಗಾಡಿ ಇವತ್ತು ಭಜಿ ಅಂಗಡಿಯ ಮುಂದೆಯೇ ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆವು. ಒಂದೆರಡು ಬಾರಿ ಹಾಗೆಯೇ ಆಯಿತು. ಮಿರ್ಚಿ ಭಜಿ ತಿಂದು ಮೂಗು ಒರೆಸಿಕೊಳ್ಳುತ್ತ ಗಾಡಿಯ ಮಡ್ಗಾರ್ಡಿಗೆ ಒರಗಿ ನಿಂತ ಆ ಸಂಜೆಗಳ ಸುಖ ನೆನಪಾದರೆ ಈಗಲೂ ನನ್ನ ನಾಲಿಗೆ ಚುರುಗುಟ್ಟುತ್ತದೆ.

ದೊಡ್ಡವರಿಗೆ ಇದು ಹಬ್ಬವಾಗಿರಲಿಲ್ಲ. ಕಾಕಾ ಹತ್ತಿಯ ಹರಾಜಿಗೆ ಹೊರಟವನು ದಾರಿಯಲ್ಲಿ ಯಾರನ್ನೋ ಮಾತನಾಡಿಸಲು ಗಾಡಿ ನಿಲ್ಲಿಸಿ ಅಲ್ಲಿಯೇ ಉಳಿದ. ಅಪ್ಪ ಕೋರ್ಟಿನಲ್ಲಿ ಹೆಸರು ಕೂಗುವಾಗ ಹಾಜರಿರದೆ ನ್ಯಾಯಾಧೀಶರಿಂದ ಮಾತು ಕೇಳಿದರು. ಆಗ ಇಬ್ಬರೂ ರೋಗವನ್ನು ಹುಡುಕಲು ಕೂತರು. ಅಪ್ಪನ ತೀರ್ಪು: ಕಿಡಿಯ ದೋಷ. ಕಿಡಿ ಹುಟ್ಟಿಸುವ ಕಾಯಿಲ್ ಬಿಸಿಯಾದಾಗ ಸೋಲುತ್ತದೆ, ತಣ್ಣಗಾದ ಮೇಲೆ ಏಳುತ್ತದೆ. ಕಾಕಾನ ತೀರ್ಪು: ಪೆಟ್ರೋಲಿನ ದೋಷ. ಪಂಪು ಮುದಿಯಾಗಿದೆ, ಸೆಕೆಗೆ ಅದರ ಕೈ ಸೋಲುತ್ತದೆ. ಮೊದಮೊದಲು ಇದು ಪಡಸಾಲೆಯ ಹರಟೆಯಾಗಿತ್ತು. ಅಪ್ಪ ಹೊಸ ಕಾಯಿಲ್ ತರಿಸಿ ಹಾಕಿದರು. ಒಂದು ವಾರ ಗಾಡಿ ಚೆನ್ನಾಗಿ ನಡೆಯಿತು. ಆ ವಾರ ಮೋಡ ಕವಿದಿತ್ತೆಂಬುದು ಯಾರ ಗಮನಕ್ಕೂ ಬರಲಿಲ್ಲ. ಅಪ್ಪ ಮೀಸೆ ತಿರುವಿದರು. ಬಿಸಿಲು ಬಿದ್ದ ದಿನವೇ ಗಾಡಿ ಉಣಕಲ್ ಕೆರೆಯ ಹತ್ತಿರ ನಿಂತಿತು, ಕಾಕಾ ನಕ್ಕ. ಆಮೇಲೆ ಕಾಕಾ ಮುಂಬಯಿಯಿಂದ ಹೊಸ ಪಂಪು ತರಿಸಿದ. ಅದು ಬಂದ ದಿನ ಮನೆಯಲ್ಲಿ ಪೇಢೆ ಹಂಚಿದ. ಎರಡನೆಯ ದಿನ ಗಾಡಿ ನಿಂತಿತು, ಅಪ್ಪ ನಕ್ಕರು. ವಕೀಲರ ನಗು ಅದು, ಎದುರಾಳಿಯ ಸಾಕ್ಷಿ ಎಡವಿದಾಗ ಬರುವಂಥದ್ದು.

“ಮುಂಬೈ ಪಂಪಿಗೂ ನಮ್ಮ ಧಾರವಾಡದ ಸೆಕಿ ತಡಿಯಾಕ ಆಗಲಿಲ್ಲೇನೋ ಶಂಕ್ರ್ಯಾ?”

“ಅಣ್ಣಾ, ಇದು ಕೋರ್ಟ್ ಅಲ್ರಿ. ಬಾಯಿಲೆ ಗೆದ್ರ ಗಾಡಿ ಹೊಂಡಾಂಗಿಲ್ಲ.”

“ಹಂಗಾರ ನನ್ನ ಕೆಲಸಾ ಬರೇ ಬಾಯಿದೇನು?”

“ನಾ ಹಂಗಂದಿಲ್ಲ. ಹಂಗ ತಿಳ್ಕೊಂಡ್ರ ತಿಳ್ಕೋರಿ.”

ಅಪ್ಪ ಎದ್ದು ಒಳಗೆ ಹೋದರು. ಕಪ್ಪಿನಲ್ಲಿ ಚಹಾ ಉಳಿದಿತ್ತು, ಅದನ್ನು ಯಾರೂ ಕುಡಿಯಲಿಲ್ಲ.

ಆವತ್ತಿನಿಂದ ಅಣ್ಣ ತಮ್ಮ ಮಾತು ಬಿಟ್ಟರು. ನಮ್ಮ ಮನೆಯಲ್ಲಿ ಗಂಡಸರು ಸಾಲಾಗಿ ಮಣೆ ಹಾಕಿಕೊಂಡು ಉಣ್ಣುತ್ತಿದ್ದರು. ಈಗ ಒಬ್ಬರು ಒಲೆಯ ಕಡೆ ಮುಖ ಮಾಡಿದರೆ ಇನ್ನೊಬ್ಬರು ಬಾಗಿಲ ಕಡೆ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಕೂರತೊಡಗಿದರು. ಬಡಿಸುವ ಅವ್ವ ಅವರ ಸುತ್ತ ಪ್ರದಕ್ಷಿಣೆ ಹಾಕಬೇಕಾಗುತ್ತಿತ್ತು. ಮಾತೆಲ್ಲ ನನ್ನ ಮೂಲಕ ಹೋಗತೊಡಗಿತು. ಒಂದು ಮೊಳ ದೂರದಲ್ಲಿ ಕೂತವರಿಗೆ ನಾನು ಟಪಾಲು ಮುಟ್ಟಿಸಬೇಕಿತ್ತು.

“ಗಿರಿಜಾ, ನಿಮ್ಮ ಕಾಕಾಗ ಹೇಳು, ನಾಳೆ ಗಾಡಿ ನನಗ ಬೇಕು.”

“ಗಿರಿಜಾ, ನಿಮ್ಮ ಅಪ್ಪಾರಿಗೆ ಹೇಳು, ಒಯ್ಯಿರಿ ಅಂತ. ಬರೂತನಾ ದಾರಿ ಕಾಯಾವ್ರು ಯಾರೂ ಇಲ್ಲಂತ.”

ಮೊದಲೆರಡು ದಿನ ನನಗೆ ಈ ಕೆಲಸ ಬಹಳ ಹಿಡಿಸಿತು. ಕೇಳಿದ್ದನ್ನು ಎರಡನೆಯ ಸಲ ಗಟ್ಟಿಯಾಗಿ ಹೇಳಿ, ಕೊನೆಗೆ ನನ್ನದೂ ಒಂದು ಮಾತು ಸೇರಿಸುತ್ತಿದ್ದೆ. ಆದರೆ ಆಯಿಯ ಮುಖ ನೋಡಿದಾಗ ಆಟದ ಉಮೇದು ಇಳಿಯಿತು. ನಮ್ಮ ಹಿತ್ತಲಿನ ಆಚೆಗೆ ಒಂದು ಗೋಡೆಯಿತ್ತು. ಅದರಾಚೆಯ ಮನೆ ಅಜ್ಜನ ಅಣ್ಣನದು. ಹಿಂದೆ ಅದು ಇದು ಎರಡೂ ಒಂದೇ ಮನೆ. ಬಾವಿಯ ಹಗ್ಗ ಯಾರು ತರಬೇಕೆಂಬ ಮಾತಿಗೆ ಅವರಿಬ್ಬರು ಮನಸ್ಸು ಮುರಿದುಕೊಂಡು, ನಡುವೆ ಗೋಡೆ ಕಟ್ಟಿ, ಸಾಯುವ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಯಿ ಆ ಗೋಡೆಯ ಮೇಲೆ ಬಟ್ಟೆ ಕೂಡ ಒಣಹಾಕುತ್ತಿರಲಿಲ್ಲ. ಒಂದು ದಿನ ಕಾಕಾ ಎಲ್ಲರಿಗೂ ಕೇಳುವಂತೆ, ಯಾರಿಗೂ ಅಲ್ಲವೆಂಬಂತೆ, ತಾನು ಬೇರೆ ಒಲೆ ಹೂಡುವುದಾಗಿ ಹೇಳಿದ. ಅಪ್ಪ ಬೇಡವೆನ್ನಲಿಲ್ಲ. ಹಿಂದಿನ ಕಾಳಿನ ಕೋಣೆಯನ್ನು ತೆರವು ಮಾಡಿ, ಕೆಮ್ಮಣ್ಣು ತರಿಸಿದರು. ಕಾಕು ಒಲೆ ಹಾಕಲು ಕೂತಳು. ಹಾಕುತ್ತ ಅಳುತ್ತಿದ್ದಳು. ಅವ್ವ ಪಕ್ಕದಲ್ಲಿ ಕೂತು ಮಣ್ಣು ಕಲಸಿ ಕೊಡುತ್ತಿದ್ದಳು, ಅವಳೂ ಅಳುತ್ತಿದ್ದಳು. ಬೇರಾಗುವ ಒಲೆಯನ್ನೂ ಅವರಿಬ್ಬರು ಕೂಡಿಯೇ ಹಾಕಿದರು.

ಆಯಿ ಬಾಗಿಲಲ್ಲಿ ನಿಂತು ನೋಡಿದರು. ಅವರು ಅಳುವವರಲ್ಲ. ಸಂಜೆ ಇಬ್ಬರು ಮಕ್ಕಳನ್ನೂ ಪಡಸಾಲೆಗೆ ಕರೆದು ಒಂದೇ ಮಾತು ಕೇಳಿದರು.

“ಏ ಮಲ್ಲಣ್ಣಾ, ಏ ಶಂಕ್ರಪ್ಪಾ, ಕಿಡಿ ಅಂತೀ ನೀ, ಎಣ್ಣಿ ಅಂತಾನ ಅಂವ. ಗಾಡಿ ನಿಂತಾಗ, ನಿಂತಲ್ಲೇ, ಇಬ್ಬರಾಗ ಒಬ್ಬರರ ಮುಚ್ಚಳಾ ತಗದು ನೋಡೀರೇನು?”

ಇಬ್ಬರೂ ನೋಡಿರಲಿಲ್ಲ. ಪರೀಕ್ಷೆಯೆಲ್ಲ ನಡೆದದ್ದು ಬೆಳಿಗ್ಗೆ, ದನದ ಮನೆಯಲ್ಲಿ, ಗಾಡಿ ತಣ್ಣಗಿದ್ದಾಗ. ಅಪ್ಪ ತಂತಿ ಬಿಚ್ಚಿ ನಮಗೆಲ್ಲ ಕಿಡಿ ತೋರಿಸಿ, ‘ಈಗ ಐತಿ, ಬಿಸಿ ಆದ್ರ ಇರಾಂಗಿಲ್ಲ’ ಎನ್ನುತ್ತಿದ್ದರು. ಕಾಕಾ ನಳಿಗೆ ಬಿಚ್ಚಿ ಪೆಟ್ರೋಲ್ ಬರುವುದನ್ನು ತೋರಿಸಿ, ‘ಈಗ ಬರ್ತೈತಿ, ಬಿಸಿ ಆದ್ರ ಬರಾಂಗಿಲ್ಲ’ ಎನ್ನುತ್ತಿದ್ದ. ದಾರಿಯಲ್ಲಿ ನಿಂತಾಗ ಒಬ್ಬರು ಕರಿ ಕೋಟಿನಲ್ಲಿರುತ್ತಿದ್ದರು, ಇನ್ನೊಬ್ಬರು ಬಿಳಿ ಧೋತರದಲ್ಲಿ. ಮೈಯೆಲ್ಲ ಮಸಿ ಮಾಡಿಕೊಳ್ಳುವ ಬದಲು ವಾದ ಮಾಡುವುದು ಸುಲಭವಾಗಿತ್ತು.

“ಜ್ವರಾ ಬಂದಾಗ ಮೈ ಮುಟ್ಟಿ ನೋಡ್ತಾರೋ, ಇಳಿದ ಮ್ಯಾಲ ನೋಡ್ತಾರೋ?” ಎಂದು ಆಯಿ ಒಳಗೆ ಹೋದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ.

ಅವ್ವನ ತವರು ಗದಗದ ಹತ್ತಿರ. ಅವಳ ತಂದೆ ಹತ್ತಿ ಬಿಡಿಸುವ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಮನೆ ಜಿನ್ನಿನ ಕಂಪೌಂಡಿನೊಳಗೇ ಇತ್ತು. ಸುಗ್ಗಿಯ ತಿಂಗಳುಗಳಲ್ಲಿ ಎಂಜಿನ್ನಿನ ಸದ್ದಿಗೇ ನಿದ್ದೆ ಹೋಗಿ, ಅದು ನಿಂತರೆ ಎಚ್ಚರಾಗುತ್ತಿದ್ದಳಂತೆ. ಇದನ್ನೆಲ್ಲ ಅವಳು ಎಂದೂ ದೊಡ್ಡದು ಮಾಡಿ ಹೇಳಿದವಳಲ್ಲ. ಸೊಸೆಯಾದವಳು ಗಾಡಿಯ ಬಗ್ಗೆ ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ, ಅಷ್ಟೆ.

ಹೊಸ ಒಲೆಯ ಮಣ್ಣು ಆರುತ್ತಿದ್ದಾಗಲೇ ಹೆಬ್ಬಳ್ಳಿಯಿಂದ ಕರೆ ಬಂತು. ಹೆಬ್ಬಳ್ಳಿ ಕಾಕುವಿನ ತವರು. ಅವಳ ಅಣ್ಣನ ಕೂಸಿನ ತೊಟ್ಟಿಲ ಕಾರ್ಯ. ಎರಡೂ ಸಂಸಾರ ಹೋಗದಿದ್ದರೆ ಊರೆಲ್ಲ ಆಡಿಕೊಳ್ಳುತ್ತದೆ. ಹೀಗಾಗಿ ಆಯಿಯನ್ನು ಮನೆಯಲ್ಲಿ ಬಿಟ್ಟು, ಉಳಿದವರೆಲ್ಲ ಒಂದೇ ಗಾಡಿಯಲ್ಲಿ ಹೊರಟೆವು. ಮುಂದೆ ಅಪ್ಪ, ಕಾಕಾ. ಹಿಂದೆ ಅವ್ವ, ಕಾಕು, ನಾವು ಮೂರು ಮಕ್ಕಳು, ಉಡುಗೊರೆಯ ಕುಬಸದ ಬುಟ್ಟಿ. ಹೋಗುವಾಗ ಅಪ್ಪ ದಾರಿಯನ್ನೇ ನೋಡಿದರು, ಕಾಕಾ ಕಿಟಕಿಯಾಚೆಯ ಹೊಲಗಳನ್ನು. ಹೆಬ್ಬಳ್ಳಿಯಲ್ಲಿ ಮಾತ್ರ ಇಬ್ಬರೂ ನಗುನಗುತ್ತ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕದಿದ್ದುದೊಂದು ಬಿಟ್ಟರೆ, ಅಣ್ಣತಮ್ಮಂದಿರಂತೆಯೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು. ಬೀಗರು ಒತ್ತಾಯ ಮಾಡಿ ಬಡಿಸಿದರು. ನನ್ನ ಸಣ್ಣ ತಮ್ಮ, ಕಾಕಾನ ಕಿರಿಮಗ, ಎಲ್ಲರಿಗಿಂತ ಹೆಚ್ಚು ತಿಂದ.

ಅದೇ ನಮ್ಮ ಪುಣ್ಯವಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟು ಅರ್ಧ ದಾರಿ ಬರುವಷ್ಟರಲ್ಲಿ ಅವನ ಹೊಟ್ಟೆ ತೊಳಸಿತು. ಗಾಡಿ ನಿಲ್ಲಿಸುವ ಮುಂಚೆಯೇ ಕಾಕುವಿನ ಸೀರೆಯ ಮೇಲೆ ಅರ್ಧ ಹೋಳಿಗೆ ಬಂದಿತ್ತು. ಅಪ್ಪ ಗಾಬರಿಯಲ್ಲಿ ಎಂಜಿನ್ ಬಂದ್ ಮಾಡಿಯೇ ಬಿಟ್ಟರು. ಹುಡುಗನನ್ನು ಇಳಿಸಿ, ಬಾಯಿ ತೊಳೆಸಿ, ಸೀರೆ ಒರೆಸಿಕೊಂಡು ಬಂದು ಕೂತರೆ, ಟಕಟಕಟಕಟಕ ಎಂದು ಪಂಪು ಒಂದೇ ಸಮನೆ ಬಡಿದುಕೊಂಡಿತೇ ಹೊರತು ಎಂಜಿನ್ ಉಸಿರೆತ್ತಲಿಲ್ಲ. ಎರಡೂ ಕಡೆ ಕರಿಮಣ್ಣಿನ ಹೊಲ, ಹತ್ತಿ ಕಿತ್ತು ಬರಿದಾಗಿತ್ತು. ದಾರಿಯ ಈ ಮಗ್ಗುಲಿಗೊಂದು ಬೇವಿನ ಮರ, ಆ ಮಗ್ಗುಲಿಗೊಂದು ಜಾಲಿಯ ಗಿಡ. ಅಪ್ಪ ಇಳಿದು ಬೇವಿನ ನೆರಳಿಗೆ ಹೋಗಿ ಕೂತರು. ಕಾಕಾ ಇಳಿದು ಜಾಲಿಯ ಕೆಳಗೆ ಹೋಗಿ, ನೆರಳೇ ಇಲ್ಲದ ಕಡೆ, ಬೆನ್ನು ತಿರುಗಿಸಿ ಕೂತ. ಒಂದು ತಾಸು ಕಾಯುವುದೆಂದು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಂತಿತ್ತು.

ಅವ್ವ ಇಳಿದಳು. ಸೆರಗನ್ನು ಸೊಂಟಕ್ಕೆ ಬಿಗಿದಳು.

“ನೀಲಾ, ಬಾ ಇಲ್ಲೆ. ಜ್ವರಾ ಬಂದೈತಿ, ನೋಡೂಣು.”

ಕಾಕುವಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಅವಳ ಕಣ್ಣುಗಳು ಹೊಳೆದವು. ಹುಡುಗರನ್ನು ಬೇವಿನ ಮರದ ಕಡೆ ಅಟ್ಟಿ, ಇಬ್ಬರೂ ಸೇರಿ ಬಾನೆಟ್ ಎತ್ತಿದರು. ಒಳಗಿಂದ ಒಲೆಯ ಬಾಯಿಂದ ಬಂದಂತೆ ಧಗೆ ಬಂತು. ದನದ ಮನೆಯಲ್ಲಿ ಗಂಡಂದಿರು ದಿನಾ ಮಾಡಿ ತೋರಿಸಿದ್ದನ್ನು ನೋಡಿ ನೋಡಿ ಅವರಿಗೆ ಎರಡೂ ಪರೀಕ್ಷೆ ಬಾಯಿಪಾಠವಾಗಿತ್ತು. ಮೊದಲು ಕಿಡಿ. ಕಾಕು ಒಣ ವಸ್ತ್ರವನ್ನು ದಪ್ಪಗೆ ಮಡಚಿ ತಂತಿಯ ತುದಿ ಹಿಡಿದು ಎಂಜಿನ್ನಿನ ಕಬ್ಬಿಣದ ಸಮೀಪಕ್ಕೆ ತಂದಳು. ಅವ್ವ ಕೀಲಿ ಚಾಲೂ ಇಟ್ಟು ಹ್ಯಾಂಡಲ್ ತಿರುಗಿಸಿದಳು. ಚಟ್ ಎಂದು ನೀಲಿ ಕಿಡಿ ಹಾರಿತು. ಇನ್ನೊಮ್ಮೆ ತಿರುಗಿಸಿದಳು, ಇನ್ನೊಂದು ಹಾರಿತು. ಬೆಳಗಿನ ಕಿಡಿಗಿಂತ ಒಂದಿಷ್ಟೂ ಕಡಿಮೆಯಿರಲಿಲ್ಲ.

“ಕಿಡಿ ಬೇಷ್ ಐತಿ ಅಕ್ಕಾ,” ಎಂದಳು ಕಾಕು, ಬೇವಿನ ಮರಕ್ಕೆ ಕೇಳುವಷ್ಟು ಗಟ್ಟಿಯಾಗಿ. ಅಪ್ಪ ಕೆಮ್ಮಿದರು. ಜಾಲಿಯ ಗಿಡದ ಕೆಳಗಿನ ಬೆನ್ನು ಕೊಂಚ ನೆಟ್ಟಗಾಯಿತು.

ಅವ್ವ ಕೀಲಿ ಬಂದ್ ಮಾಡಿ, ತಂತಿಯನ್ನು ಸ್ವಸ್ಥಾನಕ್ಕೆ ಹಾಕಿಸಿ, ಪೆಟ್ರೋಲಿನ ಸಣ್ಣ ನಳಿಗೆಯನ್ನು ಬಟ್ಟಲಿನಿಂದ ಬಿಚ್ಚಿ, ಅದರ ತುದಿಯನ್ನು ಎಂಜಿನ್ನಿನಿಂದ ದೂರಕ್ಕೆ ಎಳೆದು ಖಾಲಿ ತಂಬಿಗೆಯೊಳಗೆ ಇಟ್ಟಳು. ನನ್ನನ್ನು ಅಪ್ಪನ ಸೀಟಿನಲ್ಲಿ ಕೂರಿಸಿ ಕೀಲಿ ತಿರುವಲು ಹೇಳಿದಳು. ನಾನು ಆವರೆಗೆ ಆ ಸೀಟಿನಲ್ಲಿ ಕೂತಿರಲಿಲ್ಲ. ತಿರುವಿದೆ. ಟಕಟಕಟಕಟಕ. ತಂಬಿಗೆಯಲ್ಲಿ ಬಿದ್ದದ್ದು ಪೆಟ್ರೋಲಲ್ಲ, ಉಗುಳು. ಪುಸ್ ಪುಸ್ ಎಂದು ಗುಳ್ಳೆ, ನಡುವೆ ಎರಡು ಹನಿ.

“ಪಂಪು ಬಡಿಯೂದೇನು ಬಡಿಯಾಕತ್ತೈತಿ. ಉಣ್ಣಾಕತ್ತಿಲ್ಲ. ಬರೇ ಗಾಳಿ ಅಗಿಯಾಕತ್ತೈತಿ,” ಎಂದಳು ಅವ್ವ.

“ಹಂಗಾರ ಪಂಪು ಕೆಟ್ಟೈತೇನಕ್ಕಾ? ಹೊಸಾದಲ್ಲ?” ಕಾಕುವಿನ ದನಿ ಸಣ್ಣದಾಯಿತು. ಪಂಪು ಅವಳ ಗಂಡ ತರಿಸಿದ್ದು.

ಅವ್ವ ಕೈಯನ್ನು ಪಂಪಿನ ಹತ್ತಿರ ಒಯ್ದು ಥಟ್ಟನೆ ಹಿಂದಕ್ಕೆ ತೆಗೆದಳು. ಮುಟ್ಟಲಾಗದಷ್ಟು ಕಾದಿತ್ತು. ಪಂಪಿನ ಮಗ್ಗುಲಿಗೇ ಎಂಜಿನ್ನಿನ ಹೊಗೆ ಹೊರಗೆ ಹೋಗುವ ದಪ್ಪ ಕೊಳವೆ, ಕಾದ ಹಂಚಿನ ಹಾಗೆ ಧಗಧಗಿಸುತ್ತಿತ್ತು. ಅವ್ವ ಆ ಕೊಳವೆ ನೋಡಿದಳು, ಪಂಪು ನೋಡಿದಳು. ಹುಡುಗನ ಬಾಯಿ ತೊಳೆದು ಕೊಡದಲ್ಲಿ ಉಳಿದಿದ್ದ ನೀರಿನಲ್ಲಿ ಬೇಗ ವಸ್ತ್ರ ತೊಯ್ಸಿ ತರಲು ಕಾಕುವಿಗೆ ಹೇಳಿದಳು. ತೊಯ್ದ ವಸ್ತ್ರವನ್ನು ಪಂಪಿಗೂ ನಳಿಗೆಗೂ ಸುತ್ತಿದರು. ಚುಂಯ್ ಎಂದಿತು. ಇನ್ನೊಮ್ಮೆ ತೊಯ್ಸಿ ಸುತ್ತಿದರು. ಜ್ವರದ ಹಣೆಗೆ ಪಟ್ಟಿ ಹಾಕುವಂತೆಯೇ, ಬದಲಿಸಿ ಬದಲಿಸಿ ಹಾಕಿದರು. ಆಮೇಲೆ ಅವ್ವ ನನಗೆ ಕೈ ಮಾಡಿದಳು.

ಟಕಟಕಟಕ ಎಂದದ್ದು ನಿಧಾನವಾಗುತ್ತ ಬಂತು. ಟಕ್. ಟಕ್. ಟಕ್. ತಂಬಿಗೆಯೊಳಗೆ ಪೆಟ್ರೋಲು ಒಂದೇ ಧಾರೆಯಾಗಿ, ಎಮ್ಮೆಯ ಹಾಲಿನಂತೆ, ಸದ್ದು ಮಾಡುತ್ತ ಬಿತ್ತು.

“ಪಂಪು ಕೆಟ್ಟಿಲ್ಲ ನೀಲಾ! ಒಳಗ ಪೆಟ್ರೋಲು ಹಾಲು ಉಕ್ಕಿದಂಗ ಉಕ್ಕಾಕತ್ತಿತ್ತು. ಉಕ್ಕಿ ಹಬಿ ಆದ್ರ ಪಂಪು ಏನ ಜಗ್ಗೀತು?”

ಮುಂದೆ ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳಾದೆ. ದ್ರವ ಕುದಿದು ಆವಿಯಾಗುವ ಪಾಠ ಬಂದಾಗಲೆಲ್ಲ ಪುಸ್ತಕದ ಮಾತು ಬಾಯಿಗೆ ಬರುವ ಮೊದಲು ಆ ತಂಬಿಗೆಯ ಗುಳ್ಳೆ ಕಣ್ಣಿಗೆ ಬರುತ್ತಿತ್ತು. ಹುಡುಗಿಯರಿಗೆ ನಾನು ಎಲ್ಲವನ್ನೂ ಮಾಡಿ ನೋಡಿ ಎನ್ನುತ್ತಿದ್ದೆ. ಹಾಗೆಂದು ನನಗೆ ಕಲಿಸಿದ ಇಬ್ಬರೂ ಶಾಲೆಯಲ್ಲಿ ವಿಜ್ಞಾನ ಓದಿದವರಲ್ಲ. ಗಂಡನ ಮಾತೂ ಇರಲಿ, ಮೈದುನನ ಮಾತೂ ಇರಲಿ, ಮೊದಲು ಮುಚ್ಚಳ ತೆಗೆಯೋಣ ಎಂದು ಆ ಬಿಸಿಲಿನಲ್ಲಿ ಸೆರಗು ಬಿಗಿದ ಅವ್ವ ಎಷ್ಟು ಚೆಲುವೆಯಾಗಿ ಕಂಡಳೆಂದರೆ, ಮದುವೆಯ ಫೋಟೋದಲ್ಲಿಯೂ ಅವಳು ಹಾಗೆ ಕಂಡಿಲ್ಲ.

ಅವ್ವ ನಳಿಗೆಯನ್ನು ಮತ್ತೆ ಬಟ್ಟಲಿಗೆ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿದಳು. ಕಾದ ಕೊಳವೆಗೂ ಪಂಪಿಗೂ ನಡುವೆ, ಎಂಜಿನ್ನಿನ ಮಗ್ಗುಲಲ್ಲಿ, ಎರಡು ಖಾಲಿ ತೂತುಗಳಿದ್ದವು. ತೂತಿನ ಸುತ್ತ ಮೊಳೆಯ ತಲೆಯಷ್ಟು ಜಾಗ ಹಸಿರು ಬಣ್ಣವಿಲ್ಲದೆ ಹೊಳೆಯುತ್ತಿತ್ತು. ಹಿಂದೆ ಅಲ್ಲಿ ಏನನ್ನೋ ಬಿಗಿದಿದ್ದರು.

“ಏನ್ರೀ,” ಎಂದಳು ಅವ್ವ, ಯಾವ ಮರದ ಕಡೆಯೂ ತಿರುಗದೆ. “ಇಲ್ಲೇನರ ಇತ್ತೇನ್ರಿ? ಎರಡು ತೂತು ಖಾಲಿ ಅದಾವ.”

ಅಪ್ಪ ಎದ್ದು ಬಂದರು. ಕಾಕಾನೂ ಎದ್ದು ಬಂದ. ಒಬ್ಬರು ಈ ಮಗ್ಗುಲಿನಿಂದ, ಒಬ್ಬರು ಆ ಮಗ್ಗುಲಿನಿಂದ ಬಾನೆಟ್ಟಿನೊಳಗೆ ತಲೆ ಹಾಕಿದರು. ಎರಡು ತಲೆಗಳೂ ಅಲ್ಲಿಯೇ ನಿಂತವು. ಕಾಕು ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಕೇಳಿದ್ದು ಅಪ್ಪನ ದನಿ, ಬಹಳ ಮೆತ್ತಗೆ.

“ಶಂಕ್ರ್ಯಾ, ಆ ತಗಡು.”

“ಹೌದ್ರಿ ಅಣ್ಣಾ.”

“ದಸರಾಕ ಗಾಡಿ ತೊಳಿಯೂ ಮುಂದ.”

“ಗಡಗಡ ಅಂತ ತಲಿ ತಿಂತಿತ್ತಲ್ರಿ. ಬಿಚ್ಚಿ ಒಗಿ ಅಂದ್ರಿ ನೀವು.”

“ನಾ ಅಂದೆ ಖರೇ. ಬಿಚ್ಚಿದಾಂವ ಯಾರು?”

“ನಾನ ಬಿಚ್ಚಿದೆ. ತಿರುಪಿನ ಪಾನಾ ಹಿಡದಾವ್ರು ನೀವು.”

ಮೊದಲು ಯಾರು ನಕ್ಕರೋ ನನಗೆ ತಿಳಿಯದು. ಎರಡು ತಲೆಗಳೂ ಒಳಗಿದ್ದವು, ಬಾನೆಟ್ಟೇ ನಗುತ್ತಿದೆಯೇನೋ ಎನ್ನಿಸಿತು. ಅಪ್ಪ ನಗುತ್ತ ತಲೆ ಎತ್ತಲು ಹೋಗಿ ಬಾನೆಟ್ಟಿಗೆ ಹೊಡೆದುಕೊಂಡು, ‘ಅಯ್ಯಯ್ಯಪ್ಪಾ’ ಎಂದು ಇನ್ನಷ್ಟು ನಕ್ಕರು. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಅದು ನಗುವಿನದೋ ಇನ್ನಾವುದರದೋ, ಅಣ್ಣನ ನೆತ್ತಿಯನ್ನು ಅಂಗೈಯಿಂದ ತಿಕ್ಕುತ್ತ, ‘ಭಾಳ ಬಡೀತೇನ್ರಿ? ಭಾಳ ಬಡೀತೇನು?’ ಎನ್ನುತ್ತಿದ್ದ. ಕಿಡಿಯೂ ಸರಿ, ಪಂಪೂ ಸರಿ. ಕಾದ ಕೊಳವೆಗೆ ಅಡ್ಡವಾಗಿದ್ದ ಒಂದು ತಗಡನ್ನು ಸದ್ದು ಮಾಡುತ್ತದೆಂದು ಇಬ್ಬರೂ ಕೂಡಿ, ಹುರುಪಿನಿಂದ, ಹಬ್ಬದ ದಿನ ಕಿತ್ತು ಹಾಕಿದ್ದರು. ಯಾರ ಮೇಲೆ ಯಾರು ತಪ್ಪು ಹೊರಿಸುವುದು! ಅವ್ವ ನಳಿಗೆ ಬಿಗಿದು ಮುಗಿಸಿ ನನಗೆ ಕೈ ಮಾಡಿದಳು, ನಾನು ಕೀಲಿ ತಿರುವಿದೆ. ಗಾಡಿ, ಹೊರಗೆ ಬೆಂಕಿಯಂಥ ಬಿಸಿಲಿರುವಾಗಲೇ, ಒಂದೇ ಏಟಿಗೆ ಚಾಲೂ ಆಯಿತು. ಬೇವಿನ ಮರದ ಕೆಳಗಿಂದ ಹುಡುಗರು ಕೂಗುತ್ತ ಓಡಿ ಬಂದರು.

ಮನೆ ಮುಟ್ಟಿದ ಕೂಡಲೇ ಅಣ್ಣ ತಮ್ಮ ಕೈಕಾಲು ಕೂಡ ತೊಳೆಯದೆ ಆ ತಗಡನ್ನು ಹುಡುಕತೊಡಗಿದರು. ಅಟ್ಟ ಹುಡುಕಿದರು, ಬಚ್ಚಲ ಹಿಂದೆ ಹುಡುಕಿದರು. ಅದು ದನದ ಮನೆಯಲ್ಲಿಯೇ, ಗಾಡಿಯಿಂದ ಒಂದು ಮಾರು ದೂರದಲ್ಲಿ, ಎಮ್ಮೆಯ ಹಿಂಡಿಯ ಡಬ್ಬಿಯ ಮೇಲಿತ್ತು. ದಸರೆಯಿಂದ ಆಯಿ ಅದನ್ನು ಮುಚ್ಚಳ ಮಾಡಿಕೊಂಡಿದ್ದರು. ಮೇಲೊಂದು ಕಲ್ಲೂ ಹೇರಿದ್ದರು.

“ಅದನ್ಯಾಕ ಒಯ್ತೀರಿ? ಇಲಿ ಬರ್ತಾವ. ಬ್ಯಾರೆ ಮುಚ್ಚಳಾ ತಂದ ಕೊಟ್ಟು ಒಯ್ಯಿರಿ.”

“ಅವ್ವಾ, ಇದರ ಸಲುವಾಗಿನ ಇಷ್ಟೆಲ್ಲಾ ಆತು,” ಎಂದ ಕಾಕಾ ತಾಯಿಗೆ.

ಏನಾಯಿತೆಂದು ಕೇಳಿ ಆಯಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಅಪ್ಪನ ಕರಿ ಕೂದಲಿಗೆ ಗ್ರೀಸು, ಕಾಕಾನ ಬಿಳಿ ಧೋತರಕ್ಕೆ ಮಸಿ. ಬೈಯುತ್ತಾರೆಂದು ನಾನು ಕಾದೆ. ಅವರು ಕಲ್ಲು ತೆಗೆದು, ತಗಡನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಇಬ್ಬರು ಮಕ್ಕಳ ನಡುವೆ ಹಿಡಿದರು. ಇಬ್ಬರೂ ಒಂದೊಂದು ಕಡೆ ಹಿಡಿಯಬೇಕಾಯಿತು. ಆ ಸಂಜೆಯೇ ಅದನ್ನು ಬಿಗಿದರು. ಗಡಗಡ ಎನ್ನದಂತೆ ಕಾಕಾ ಅದಕ್ಕೆ ಸರಿಯಾದ ತಿರುಪುಗಳನ್ನು ತಂದು ಹಾಕಿದ. ಕಾಳಿನ ಕೋಣೆಯ ಒಲೆಯನ್ನು ಒಡೆಯಬೇಕೇ ಎಂದು ಕಾಕು ಅಂಜುತ್ತ ಕೇಳಿದಳು. ಆಯಿ, ಇಷ್ಟು ಚಂದ ಹಾಕಿದ ಒಲೆ ಒಡೆಯುವುದು ಯಾಕೆ, ಹೋಳಿಗೆಯ ದಿನ ಒಂದು ಒಲೆ ಎಲ್ಲಿ ಸಾಲುತ್ತದೆ ಎಂದರು. ಅವ್ವ ಮತ್ತು ಕಾಕು ಹಬ್ಬದ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಅಲ್ಲಿಯೇ ಬೇಯಿಸಿ, ಬಡಿಸುವ ಮುಂಚೆ ಒಂದೊಂದು ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದರೆಂಬುದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು.

ರವಿವಾರ ಪರೀಕ್ಷೆಯೆಂದು ಗೊತ್ತಾಯಿತು. ಧಾರವಾಡದಿಂದ ಹುಬ್ಬಳ್ಳಿಗೆ, ಬಿಸಿಲೇರಿದ ಮೇಲೆಯೇ ಹೋಗುವುದು. ಯಾವತ್ತೂ ಗಾಡಿ ಹತ್ತದ ಆಯಿ, ನಾನೂ ಬರುತ್ತೇನೆ ಎಂದರು. ಅವರನ್ನು ಮುಂದೆ, ಅಪ್ಪನ ಪಕ್ಕ ಕೂರಿಸಿ, ಕಾಕಾ ನಮ್ಮೊಡನೆ ಹಿಂದೆ ಇರುಕಿಕೊಂಡ. ಅವನ ಮೊಣಕಾಲ ಮೇಲೆ ನಾನು. ನವಲೂರಿನ ಹತ್ತಿರ ಅಪ್ಪ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು. ನಮಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ದಾರಿಯಲ್ಲಿ ಹೋಗುವ ರೈತರು ಗಾಡಿ ಕೆಟ್ಟಿತೆಂದು ತಳ್ಳಲು ಬಂದರು. ಕಾಕಾ ಕಿಟಕಿಯಿಂದ ತಲೆ ಹಾಕಿ, ಕೆಟ್ಟಿಲ್ರಿ, ಛಲೋ ಐತಿ, ಅದಕ್ಕ ನಿಲ್ಲಿಸೇವಿ ಎಂದ. ಅವರು ನಮ್ಮ ಮುಖ ನೋಡಿ ಹೋದರು. ಅಪ್ಪ ಕೀಲಿ ತಿರುವಿದರು. ಟಕ್, ಟಕ್, ಟಕ್. ಸುಮ್ಮನಾಯಿತು. ಒಂದೇ ತಿರುವಿಗೆ ಎಂಜಿನ್ ಚಾಲೂ ಆಯಿತು. ಕಾಕಾ ಹಿಂದಿನಿಂದ ಅಣ್ಣನ ಹೆಗಲು ಬಡಿದ. ಅವ್ವ ಮತ್ತು ಕಾಕು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಗೇರು ಹಾಕಲು ಕೈಯಿಟ್ಟಾಗ ಆಯಿ ಅವರ ಕೈಯ ಮೇಲೆ ತಮ್ಮ ಕೈಯಿಟ್ಟರು.

“ತಡಿ ಮಲ್ಲಣ್ಣಾ. ಇನ್ನೊಮ್ಮೆ ಆರಿಸಿ ಹಚ್ಚು.”